ಉಡುಪಿಯಲ್ಲಿ ವಾಟರ್ ಸಾಫ್ಟ್‌ನರ್ ಹಾಕಿಸಬೇಕಾ? ಇಲ್ಲಿನ ನೀರು ನಿಜವಾಗಿ ಗಡಸಾ?

ಬಿಸಿಲೂರಿನವಳು

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿ ಕಡೆಯವರು. ಮನೆಯವರಿಗೆ ಮಣಿಪಾಲದಲ್ಲಿ ಕೆಲಸ, ಹಾಗಾಗಿ ಇಂದ್ರಾಳಿ ಹತ್ತಿರ ಬಾಡಿಗೆ ಮನೆ ಮಾಡಿದ್ದೇವೆ. ಹಳೇ ಮನೆ, ಅಂಗಳದಲ್ಲಿ ಬಾವಿ. ಅಡುಗೆಮನೆಯ ಒಂದು ನಳ್ಳಿಗೆ ನಗರಸಭೆ ನೀರು ಬರುತ್ತದೆ. ಬಚ್ಚಲು, ಗೀಸರ್, ವಾಷಿಂಗ್ ಮಷಿನ್ ಎಲ್ಲದಕ್ಕೂ ಬಾವಿ ನೀರು.

ನಮ್ಮೂರಲ್ಲಿ ಬೋರಿನ ನೀರಿಗೆ ಬಕೆಟ್ ಒಳಗೆಲ್ಲ ಬಿಳಿ ಪದರ ಕಟ್ಟುತ್ತಿತ್ತು. ಇಲ್ಲಿ ಅದು ಇಲ್ಲ, ಆದರೆ ಬೇರೆ ಕಾಟ ಶುರುವಾಗಿದೆ. ಬಚ್ಚಲಿನ ಟೈಲ್ಸ್ ಮೇಲೆ ಕಂದು ಕಲೆ. ಬಿಸಿನೀರಿನ ನಳ್ಳಿಯ ಕೆಳಗೆ ವಾಶ್‌ಬೇಸಿನ್ ಮೇಲೆ ಹಸಿರು-ನೀಲಿ ಗೆರೆ. ಮಗಳ ಯೂನಿಫಾರ್ಮಿನ ಬಿಳಿ ಶರ್ಟು ಹಳದಿಯಾಗಿದೆ. ಬಾವಿ ನೀರಲ್ಲಿ ಚಹಾ ಮಾಡಿದರೆ ಕಪ್ಪಗಾಗುತ್ತದೆ. ಕೂದಲು ಉದುರುವುದು ಬೇರೆ.

ಮೊನ್ನೆ ಫಿಲ್ಟರ್ ಮಾರುವವರೊಬ್ಬರು ಮನೆಗೆ ಬಂದರು. ಎರಡು ಲೋಟ ಇಟ್ಟರು. ಒಂದರಲ್ಲಿ ಅವರು ತಂದ ಆರ್‌ಒ ನೀರು, ಇನ್ನೊಂದರಲ್ಲಿ ನಮ್ಮ ನೀರು. ಎರಡಕ್ಕೂ ಕಡ್ಡಿ ಇಳಿಸಿ ಕರೆಂಟು ಕೊಟ್ಟರು. ಅವರ ಲೋಟ ತಿಳಿಯಾಗೇ ಇತ್ತು, ನಮ್ಮದು ಎರಡೇ ನಿಮಿಷದಲ್ಲಿ ಚರಂಡಿ ನೀರಿನ ಬಣ್ಣಕ್ಕೆ ಬಂತು. ಅತ್ತೆಯವರು ಅದನ್ನು ನೋಡಿ ಆವತ್ತಿಂದ ನೀರು ಕುಡಿಯಲಿಕ್ಕೇ ಹೆದರುತ್ತಿದ್ದಾರೆ. ಇಡೀ ಮನೆಗೆ ಗಡಸು ತೆಗೆಯುವ ಸಾಫ್ಟ್‌ನರ್, ಅಡುಗೆಮನೆಗೆ ಆರ್‌ಒ ಹಾಕಿಸಿ ಅಂದರು. ಟಿಡಿಎಸ್ ಮೀಟರ್ 62 ತೋರಿಸಿತ್ತು. ಕಮ್ಮಿ ಅಲ್ವಾ ಅಂದಿದ್ದಕ್ಕೆ, "ಇದು ಮೀಟರಿಗೇ ಸಿಗದ ಗಡಸು ಮೇಡಂ" ಅಂದರು.

ಇಲ್ಲಿನವರು ಹೇಳಿ. ಹಾಕಿಸಬೇಕಾ ಬೇಡವಾ? ಹಣವೇನೂ ಸಣ್ಣದಲ್ಲ ರೀ.

ಸುಮ್ನೆ ಓದುವವ

ಮೀಟರಿಗೇ ಸಿಗದ ಗಡಸು! ಆ ಪುಣ್ಯಾತ್ಮನಿಗೆ ಯಕ್ಷಗಾನ ಮೇಳದಲ್ಲಿ ಹಾಸ್ಯಗಾರನ ವೇಷ ಕೊಡಬೇಕು ಮಾರಾಯ್ರೆ.

ಬಾವಿಕಟ್ಟೆ

ಮೊದಲು ಒಂದು ಮಾತು. ಯಾವುದಕ್ಕೂ ಮುಂಗಡ ಕೊಡಬೇಡಿ.

ಕಲಬುರಗಿಯ ನೀರು ಯಾಕೆ ಗಡಸು, ಇಲ್ಲಿನದ್ದು ಯಾಕಲ್ಲ ಅಂತ ನೆಲದಿಂದಲೇ ಹೇಳುತ್ತೇನೆ. ನಿಮ್ಮೂರಿನ ಶಹಾಬಾದ್ ಕಲ್ಲು ಇಡೀ ಕರ್ನಾಟಕದ ಮನೆಗಳ ನೆಲಕ್ಕೆ ಹೋಗುತ್ತದಲ್ಲ, ಅದು ಸುಣ್ಣದ ಕಲ್ಲು. ಮಳೆನೀರು ಅದರ ಸಂದಿಯಲ್ಲಿ ಇಳಿಯುವಾಗ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು ಕರಗಿಸಿಕೊಂಡು ಹೋಗುತ್ತದೆ. ಜೊತೆಗೆ ಮೆಗ್ನೀಸಿಯಂ ಕೂಡ ಸೇರುತ್ತದೆ. ಗಡಸು ಅನ್ನುವುದು ಇವೆರಡರಿಂದಲೇ. ಕುದಿಸಿದಾಗ ತಳದಲ್ಲಿ ಕೂರುವ ಬಿಳಿ ಪದರವೂ ಅದೇ ಸುಣ್ಣ.

ಇಲ್ಲಿ ನಮ್ಮ ಕಾಲಡಿ ಇರುವುದು ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ವರ್ಷಕ್ಕೆ ಹೆಚ್ಚು ಕಮ್ಮಿ 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಆ ಮಳೆ ಲಕ್ಷಾಂತರ ವರ್ಷ ಸುರಿದು ಸುರಿದು ಕಲ್ಲಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲ ತೊಳೆದು ಸಮುದ್ರಕ್ಕೆ ಹಾಕಿದೆ. ಉಳಿದದ್ದು ಕರಗದೆ ನಿಂತ ಕಬ್ಬಿಣ, ಅಲ್ಯೂಮಿನಿಯಂ. ಕಲ್ಲಿನ ಕೆಂಪು ಬಣ್ಣ ಆ ಕಬ್ಬಿಣದ್ದು. ಹಾಗಾಗಿ ಈ ಕಲ್ಲಿನಲ್ಲಿ ಇಳಿದ ನೀರಿಗೆ ಸುಣ್ಣ ಎಲ್ಲಿಂದ ಸಿಗಬೇಕು? ಸಿಗುವುದಿಲ್ಲ. ನಮ್ಮ ಬಾವಿ ನೀರು ಹೆಚ್ಚಿನ ಕಡೆ ಮಳೆನೀರಿಗಿಂತ ಸ್ವಲ್ಪವೇ ಗಟ್ಟಿ. ಸಾಬೂನು ಹಚ್ಚಿದರೆ ನೊರೆ ಹೋಗುವುದೇ ಇಲ್ಲ, ಮೈ ಜಾರುತ್ತದೆ. ಹೌದಾ ಅಲ್ವಾ ನೀವೇ ನೋಡಿ.

ಹಾಗಂತ ಇಲ್ಲಿನ ನೀರಿಗೆ ರೋಗವೇ ಇಲ್ಲ ಅಂತಲ್ಲ. ಬೇರೆ ರೋಗ ಉಂಟು. ಮಳೆನೀರು ಗಾಳಿಯಲ್ಲಿ ಬರುವಾಗಲೇ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಸ್ವಲ್ಪ ಹುಳಿಯಾಗಿರುತ್ತದೆ, ಪಿಎಚ್ ಸುಮಾರು 5.6 (7ಕ್ಕಿಂತ ಕಮ್ಮಿಯಾದಷ್ಟೂ ಹುಳಿ ಜಾಸ್ತಿ). ಮಣ್ಣಿನೊಳಗೆ ಬೇರು, ಕೊಳೆತ ಸೊಪ್ಪು ಇರುವ ಕಡೆ ಇನ್ನೂ ಜಾಸ್ತಿ ಸೇರುತ್ತದೆ. ಸುಣ್ಣದ ನೆಲದಲ್ಲಾದರೆ ಆ ಹುಳಿ ಅಲ್ಲೇ ಮುರಿಯುತ್ತದೆ. ಇಲ್ಲಿ ಮುರಿಯಲಿಕ್ಕೆ ಏನೂ ಇಲ್ಲ. ಹುಳಿ ನೀರು ಹಾಗೇ ಬಾವಿಗೆ ಬರುತ್ತದೆ, ಪೈಪಿಗೆ ಹೋಗುತ್ತದೆ, ಲೋಹವನ್ನು ತಿನ್ನುತ್ತದೆ.

ನೀವು ಹೇಳಿದ ಹಸಿರು-ನೀಲಿ ಗೆರೆ ತಾಮ್ರದ್ದು. ಕಂದು ಕಲೆ, ಹಳದಿ ಶರ್ಟು, ಕಪ್ಪು ಚಹಾ ಮೂರೂ ಕಬ್ಬಿಣದ್ದು. ಚಹಾದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಗಾಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಇದರಲ್ಲಿ ಗಡಸು ಎಲ್ಲೂ ಇಲ್ಲ.

ಲ್ಯಾಬ್ ಮೇಜು

ಬಾವಿಕಟ್ಟೆಯವರು ಹೇಳಿದ್ದು ಸರಿ. ನಾನು ನೀರು ಪರೀಕ್ಷೆಯ ಕೆಲಸದಲ್ಲೇ ಇರುವವನು. ಆ ಎರಡು ಲೋಟದ ಆಟದ ಬಗ್ಗೆ ಬರೆಯಲೇಬೇಕು. ತಿಂಗಳಿಗೆ ಒಬ್ಬರಾದರೂ ಇದನ್ನು ನೋಡಿ ಹೆದರಿಕೊಂಡು ಬಾಟಲಿ ಹಿಡಿದು ಬರುತ್ತಾರೆ.

ಆ ಸಾಧನಕ್ಕೆ ನಾಲ್ಕು ಕಡ್ಡಿ ಇರುತ್ತದೆ. ಒಂದೊಂದು ಲೋಟಕ್ಕೆ ಎರಡು, ಒಂದು ಅಲ್ಯೂಮಿನಿಯಂ, ಇನ್ನೊಂದು ಕಬ್ಬಿಣ. ಕರೆಂಟು ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ಕಂದು ಬಣ್ಣ ಅದರದ್ದು. ಆರ್‌ಒ ನೀರಲ್ಲಿ ಲವಣವೇ ಇಲ್ಲದ ಕಾರಣ ಕರೆಂಟು ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ, ನೀರು ತಿಳಿಯಾಗೇ ಇರುತ್ತದೆ. ಅಷ್ಟೇ ಕಥೆ.

ಮುಂದಿನ ಸಲ ಯಾರಾದರೂ ಬಂದರೆ ಅವರ ಆ ತಿಳಿನೀರಿಗೆ ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಹಾಕಿ, ಮತ್ತೆ ಕಡ್ಡಿ ಇಳಿಸಲು ಹೇಳಿ. ನಿಮ್ಮ ಬಾವಿ ನೀರಿಗಿಂತ ಅದು ಕೆಟ್ಟದಾಗಿ ಕಾಣುತ್ತದೆ. ಉಪ್ಪು ಹಾಕಲು ಬಿಡುವುದಿಲ್ಲ ಅಂದರೆ ನಿಮಗೆ ಉತ್ತರ ಸಿಕ್ಕಿತು. ಅತ್ತೆಯವರಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಟಿಡಿಎಸ್ ವಿಷಯ. ನೀರಲ್ಲಿ ಕರಗಿದ ಒಟ್ಟು ಲವಣ ಎಷ್ಟು ಅಂತ ಅದು ಅಂದಾಜು ಹೇಳುತ್ತದೆ, ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ಮೇಲೆ. ಗಡಸು ಆ ಒಟ್ಟಿನ ಒಂದು ಪಾಲು. ಒಟ್ಟೇ 62 ಇದ್ದರೆ ಗಡಸು 200 ಎಲ್ಲಿಂದ ಬರುತ್ತದೆ? ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಳ್ಳೆಯದೇ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ ಆಗಬಹುದು. ಟಿಡಿಎಸ್‌ಗೆ 500, ಇಲ್ಲದಿದ್ದರೆ 2,000. ನಿಮ್ಮದು ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಅಂದರೆ, ಟಿಡಿಎಸ್ ಕಮ್ಮಿ ಅಂದರೆ ನೀರು ಶುದ್ಧ ಅಂತ ತಿಳಿಯುವುದು. ಆ ಮೀಟರಿಗೆ ರೋಗಾಣು ಕಾಣುವುದಿಲ್ಲ. ಕಬ್ಬಿಣ 2 ಮಿಲಿಗ್ರಾಂ ಇದ್ದರೆ ಬಟ್ಟೆ ಹಾಳು, ಮೀಟರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಹುಳಿಯೂ ಗೊತ್ತಾಗುವುದಿಲ್ಲ. ನಮ್ಮ ಕರಾವಳಿಯ ಮಟ್ಟಿಗೆ ಅದು ಹೆಚ್ಚುಕಡಿಮೆ ಆಟಿಕೆ ಸಾಮಾನು. ಸಮುದ್ರ ತೀರದಲ್ಲಿ ಉಪ್ಪು ಏರಿದ್ದು ನೋಡಲಿಕ್ಕೆ ಮಾತ್ರ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಆರ್‌ಒ ಬೇಡ. 62 ಇರುವ ನೀರನ್ನು ಆರ್‌ಒಗೆ ಹಾಕಿದರೆ ಇದ್ದ ಅಲ್ಪಸ್ವಲ್ಪ ಲವಣವೂ ಹೋಗಿ ನೀರು ಇನ್ನೂ ಹುಳಿಯಾಗುತ್ತದೆ. ಒಂದು ಲೀಟರಿಗೆ ಎರಡು ಮೂರು ಲೀಟರು ಚರಂಡಿಗೆ. ಟಿಡಿಎಸ್ 500ಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಪರಿಸರ ಸಚಿವಾಲಯಕ್ಕೆ ಹೇಳಿತ್ತು.

ಬಿಸಿಲೂರಿನವಳು

ಅತ್ತೆಯವರಿಗೆ ಓದಿ ಹೇಳಿದೆ. "ಹಂಗಾದ್ರ ಆ ಹುಡುಗನ್ನ ಇನ್ನೊಮ್ಮೆ ಕರಿ, ಉಪ್ಪು ನಾ ಹಾಕ್ತೀನಿ" ಅಂದರು.

ಬಾವಿಕಟ್ಟೆ ಸರ್, ತಾಮ್ರ ಅಂದಿರಿ. ನಮ್ಮ ಮನೆಯಲ್ಲಿ ತಾಮ್ರದ ಪೈಪು ಎಲ್ಲೂ ಇಲ್ಲ, ಪ್ಲಾಸ್ಟಿಕ್ಕೇ ಇರುವುದು. ಮತ್ತೆ ಆ ಗೆರೆ ಎಲ್ಲಿಂದ?

ಪೈಪು ಪಾನ

ಅಕ್ಕ, ಗೀಸರ್ ಹಳೇದಾ? ಹಳೇ ಗೀಸರಿಗೆ ಒಳಗೆ ತಾಮ್ರದ ಟ್ಯಾಂಕಿ ಇರುತ್ತದೆ. ಈಗಿನದ್ದರಲ್ಲಿ ಟ್ಯಾಂಕಿ ಬೇರೆಯಾದರೂ ಹೀಟಿಂಗ್ ಕಾಯಿಲ್ ಎಷ್ಟೋ ಕಂಪನಿಯದ್ದು ತಾಮ್ರವೇ. ಹುಳಿ ನೀರು ಬಿಸಿಯಾಗಿ ರಾತ್ರಿಯೆಲ್ಲ ಅದರಲ್ಲೇ ಕೂತು ಬೆಳಿಗ್ಗೆ ಬರುತ್ತದೆ. ಅದಕ್ಕೇ ಬಿಸಿನೀರಿನ ನಳ್ಳಿ ಕೆಳಗೆ ಮಾತ್ರ ಗೆರೆ, ತಣ್ಣೀರಿನ ಕೆಳಗೆ ಇಲ್ಲ. ಒಂದು ಕೆಲಸ ಮಾಡಿ. ಬಿಸಿನೀರಿನ ನಳ್ಳಿಯಿಂದ ಅಡುಗೆಗೆ, ಚಹಾಕ್ಕೆ ನೀರು ಹಿಡಿಯಬೇಡಿ.

ಈ ಊರಲ್ಲಿ ಇಪ್ಪತ್ತು ವರ್ಷದಿಂದ ಪೈಪಿನ ಕೆಲಸ ಮಾಡುತ್ತಿದ್ದೇನೆ. ಕಾಯಿಲ್ ಮೇಲೆ ಸುಣ್ಣ ಕಟ್ಟಿ ಗೀಸರ್ ಹೋಯಿತು ಅನ್ನುವುದು ಇಲ್ಲಿ ಬಹಳ ಅಪರೂಪ. ಇಲ್ಲಿ ಗೀಸರ್ ಹೋಗುವುದು ಟ್ಯಾಂಕಿ ತೂತಾಗಿ. ಒಳಗೆ ಮೆಗ್ನೀಸಿಯಂನ ಒಂದು ಸರಳು ಇರುತ್ತದೆ, ಆನೋಡ್ ಅಂತಾರೆ. ಟ್ಯಾಂಕಿಯ ಬದಲು ತುಕ್ಕು ಅದನ್ನು ತಿನ್ನಲಿ ಅಂತ ಇಟ್ಟಿರುವುದು. ಅದು ಪೂರ್ತಿ ಸವೆದ ಮೇಲೆ ಟ್ಯಾಂಕಿಯ ಸರದಿ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ ಅಂದರೆ ಯಾರೂ ಕೇಳುವುದಿಲ್ಲ. ಸೋರಿದ ಮೇಲೆ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ!

ಜಿಐ, ಅಂದರೆ ಸತು ಬಳಿದ ಕಬ್ಬಿಣದ ಪೈಪೂ ಅಷ್ಟೇ. ಮೊದಲು ಸತುವಿನ ಲೇಪ ಹೋಗುತ್ತದೆ, ಆಮೇಲೆ ಒಳಗೆ ತುಕ್ಕಿನ ಗಂಟು ಬೆಳೆದು ಒಂದಿಂಚಿನ ಪೈಪಲ್ಲಿ ಪೆನ್ಸಿಲ್ ತೂರುವಷ್ಟು ದಾರಿ ಉಳಿಯುತ್ತದೆ. ಹಿತ್ತಾಳೆ ನಳ್ಳಿಯ ಸತು ಕರಗಿ ಹೋಗಿ ತಿರುಪು ನಸುಗೆಂಪಾಗುತ್ತದೆ, ಆಮೇಲೆ ಕೈಯಲ್ಲೇ ಪುಡಿ. ಹಾಗಾಗಿ ನಾನು ಬಾವಿ ನೀರಿನ ಲೈನಿಗೆ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಬಿಟ್ಟು ಬೇರೆ ಹಾಕುವುದಿಲ್ಲ.

ಫ್ಲಾಟ್ ಸೆಕ್ರೆಟರಿ

ಎಲ್ಲರೂ ಸೇರಿ ಸಾಫ್ಟ್‌ನರನ್ನು ಹೀಗೆ ಹೊಡೆದು ಹಾಕಬೇಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಕಿಸಿದ್ದೇವೆ, ಉಪಯೋಗವಾಗಿದೆ. ನಮಗೆ ತೆರೆದ ಬಾವಿ ಇಲ್ಲ, ಆಳದ ಬೋರ್‌ವೆಲ್. ಬೇಸಿಗೆಯಲ್ಲಿ ಟ್ಯಾಂಕರ್ ಬೇರೆ. ಬೋರಿನ ನೀರಿನ ಗಡಸು 280 ಬಂದಿತ್ತು, ವರದಿ ಇದೆ. ಕನ್ನಡಿ, ಶವರ್ ಎಲ್ಲ ಬಿಳಿ ಚುಕ್ಕೆ ಆಗುತ್ತಿತ್ತು. ಈಗ ಇಲ್ಲ. ಎಲ್ಲ ಉಡುಪಿ ನೀರೂ ಒಂದೇ ಅಂತ ಹೇಳುವುದು ತಪ್ಪು.

ಬಾವಿಕಟ್ಟೆ

ಒಪ್ಪಿದೆ. ಮುರಕಲ್ಲಿನ ಪದರ ದಾಟಿ ಕೆಳಗೆ ಹೋದರೆ ಕರಿಕಲ್ಲು. ಅದರ ಬಿರುಕಲ್ಲಿ ನೀರು ಬಹಳ ಕಾಲ ನಿಂತಿರುತ್ತದೆ, ಕಲ್ಲಿನಿಂದ ಸ್ವಲ್ಪ ಸ್ವಲ್ಪ ಕ್ಯಾಲ್ಸಿಯಂ ಎಳೆಯುತ್ತದೆ. ಬೋರು ಎಷ್ಟು ಆಳವೋ, ಎಲ್ಲಿದೆಯೋ ಅದರ ಮೇಲೆ ಗಡಸು ಬರಬಹುದು. ನಿಮ್ಮ 280ಕ್ಕೆ ಸಾಫ್ಟ್‌ನರ್ ಹಾಕಿದ್ದು ಸರಿಯಾದ ಕೆಲಸ. ಬಿಸಿಲೂರಿನವರ 62 ಟಿಡಿಎಸ್‌ನ ಬಾವಿಗೆ ಹಾಕಿದರೆ ಹಣ ನೀರಿಗೆ ಹಾಕಿದ ಹಾಗೆ.

ಟ್ಯಾಂಕರ್ ನೀರನ್ನು ಮಾತ್ರ ಯಾವ ಲೆಕ್ಕಕ್ಕೂ ಹಿಡಿಯಬೇಡಿ. ಇವತ್ತು ಒಂದು ಬಾವಿಯದ್ದು, ನಾಳೆ ಇನ್ನೊಂದರದ್ದು. ಯಾವ ಮೂಲ ಅಂತ ಕೇಳಿ, ಬರೆದಿಟ್ಟುಕೊಳ್ಳಿ.

ಲ್ಯಾಬ್ ಮೇಜು

ಸೆಕ್ರೆಟರಿಯವರಿಗೆ ಎರಡು ಮಾತು. ಸಾಫ್ಟ್‌ನರ್ ಒಳಗೆ ರೆಸಿನ್ ಅಂತ ಸಣ್ಣ ಮಣಿಗಳು. ಅವು ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರಲ್ಲಿ ತೊಳೆದು ಮತ್ತೆ ಸೋಡಿಯಂ ತುಂಬಿಸಬೇಕು. ನೀರಲ್ಲಿ ಕಬ್ಬಿಣ ಇದ್ದರೆ ಅದು ಆ ಮಣಿಗಳ ಮೇಲೆ ಕೂತು ಕೆಂಪಗೆ ಮಾಡುತ್ತದೆ, ಉಪ್ಪಿಗೆ ಅದು ಬಿಡುವುದಿಲ್ಲ. ನಿಮ್ಮ ಬೋರಲ್ಲಿ ಕಬ್ಬಿಣ ಎಷ್ಟಿದೆ ಅಂತ ವರದಿಯಲ್ಲಿ ನೋಡಿ. ಎರಡನೆಯದು, ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತಿದೆ? ಇಂಗು ಗುಂಡಿಗೆ ಬಿಟ್ಟರೆ ಪಕ್ಕದ ಮನೆಯ ಬಾವಿಗೆ ಬರುತ್ತದೆ. ಮುರಕಲ್ಲಲ್ಲಿ ತೂತುಗಳೇ ತುಂಬಿರುವುದರಿಂದ ನೀರು ಬಹಳ ಬೇಗ ಹರಿಯುತ್ತದೆ.

ಫ್ಲಾಟ್ ಸೆಕ್ರೆಟರಿ

ಇಂಗು ಗುಂಡಿಗೇ ಹೋಗುತ್ತಿದೆ. ಮುಂದಿನ ಮೀಟಿಂಗಲ್ಲಿ ಎತ್ತುತ್ತೇನೆ. ಯಾರು ಒಪ್ಪುತ್ತಾರೋ ನೋಡಬೇಕು.

ಮಲ್ಪೆ ಗಾಳಿ

ನೀವೆಲ್ಲ ಮೇಲಿನ ಊರಿನವರು, ನಮ್ಮ ಕಡೆ ಬಂದು ನೋಡಿ. ಕೋಡಿಬೆಂಗ್ರೆ ಕಡೆ ನಮ್ಮ ಮನೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ದೀಪಾವಳಿವರೆಗೆ ಬಾವಿ ನೀರು ಸಿಹಿ. ಶಿವರಾತ್ರಿ ಕಳೆದ ಮೇಲೆ ಉಪ್ಪು ಏರಲು ಶುರು. ಏಪ್ರಿಲ್‌ನಲ್ಲಿ ತಲೆಗೆ ಶಾಂಪೂ ಹಾಕಿದರೆ ನೊರೆಯೇ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಕುಡಿಯಲು ನಳ್ಳಿ ನೀರೇ ಗತಿ. ಇದಕ್ಕೆ ಗಡಸು ಅನ್ನಬೇಕಾ ಉಪ್ಪು ಅನ್ನಬೇಕಾ?

ಲ್ಯಾಬ್ ಮೇಜು

ಎರಡೂ. ಸಮುದ್ರದ ನೀರಲ್ಲಿ ಅಡುಗೆ ಉಪ್ಪು ಮಾತ್ರ ಇರುವುದಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಧಾರಾಳ. ಅದರ ಗಡಸುತನವೇ ಲೀಟರಿಗೆ 6,000 ಮಿಲಿಗ್ರಾಂಗಿಂತ ಜಾಸ್ತಿ, ಕ್ಲೋರೈಡ್ ಸುಮಾರು 19,000, ಒಟ್ಟು ಲವಣ ಸುಮಾರು 35,000. ನಿಮ್ಮ ಬಾವಿಗೆ ನೂರಕ್ಕೆ ಎರಡು ಪಾಲು ಸಮುದ್ರದ ನೀರು ಸೇರಿದರೂ ಟಿಡಿಎಸ್ 700 ಏರುತ್ತದೆ, ಕ್ಲೋರೈಡ್ 380. ಕ್ಲೋರೈಡಿಗೆ ಮಾನದಂಡ 250. ಐದು ಪಾಲು ಸೇರಿದರೆ ಗಡಸು 300 ದಾಟುತ್ತದೆ, ನೊರೆ ಬರುವುದಿಲ್ಲ. ಅಂದರೆ ಈ ಕರಾವಳಿಯಲ್ಲಿ ತೆರೆದ ಬಾವಿ ನೀರು ಗಡಸಾಯಿತು ಅಂದರೆ ಮೊದಲು ಸಂಶಯ ಪಡಬೇಕಾದದ್ದು ಸಮುದ್ರದ ಮೇಲೆ.

ಇದಕ್ಕೂ ಸಾಫ್ಟ್‌ನರ್ ಆಗುವುದಿಲ್ಲ. ಅದು ಸೋಡಿಯಂ ಸೇರಿಸುವ ಯಂತ್ರ, ಉಪ್ಪು ತೆಗೆಯುವುದಿಲ್ಲ. ಆರ್‌ಒ ನಿಜವಾಗಿ ಬೇಕಾದದ್ದು ನಿಮ್ಮಂಥವರಿಗೆ, ಅದೂ ಕುಡಿಯುವಷ್ಟಕ್ಕೆ, ಅದೂ ಬೇಸಿಗೆಯಲ್ಲಿ.

ಬಾವಿಕಟ್ಟೆ

ಮಲ್ಪೆಯವರೇ, ಬಾವಿಗೆ ಎಷ್ಟು ಎಚ್‌ಪಿ ಪಂಪು?

ಮಲ್ಪೆ ಗಾಳಿ

ಒಂದು. ತಂದೆಯವರ ಕಾಲದಲ್ಲಿ ರಾಟೆ ಹಗ್ಗ. ಆಗ ಇಷ್ಟು ಉಪ್ಪು ಇರಲಿಲ್ಲ ಅಂತ ಅಮ್ಮ ಹೇಳುತ್ತಾರೆ.

ಬಾವಿಕಟ್ಟೆ

ಅಮ್ಮ ಹೇಳಿದ್ದರಲ್ಲಿ ಅರ್ಥ ಉಂಟು. ಅಲ್ಲಿ ಮರಳಿನ ಒಳಗೆ ಮಳೆನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ, ಸಿಹಿನೀರು ಹಗುರ ನೋಡಿ. ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಅಂತ ಲೆಕ್ಕ. ಹಾಗೆಯೇ ಮೇಲಿನ ಮಟ್ಟ ಒಂದಡಿ ಇಳಿದರೆ ಕೆಳಗಿನ ಉಪ್ಪು ಹೆಚ್ಚುಕಡಿಮೆ 40 ಅಡಿ ಏರಲು ದಾರಿಯಾಗುತ್ತದೆ. ಕೊಡದಲ್ಲಿ ಎಳೆಯುವಾಗ ಮಟ್ಟ ಅಷ್ಟಾಗಿ ಕುಸಿಯುವುದಿಲ್ಲ. ಪಂಪು ಒಂದೇ ಉಸಿರಿಗೆ ಎಳೆದರೆ ಬಾವಿಯ ಅಡಿಯಿಂದಲೇ ಉಪ್ಪು ಮೇಲೆ ಬರುತ್ತದೆ. ಅರ್ಧ ಎಚ್‌ಪಿ ಸಾಕು. ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಬಾವಿಯನ್ನು ಇನ್ನೂ ಆಳ ಮಾಡಿಸಬೇಡಿ, ಅದೇ ದೊಡ್ಡ ತಪ್ಪು. ಮಾಡಿನ ಮಳೆನೀರನ್ನು ಬಾವಿ ಪಕ್ಕದ ಮರಳಿಗೆ ಇಂಗಿಸಿ.

ತುಂಬೆಹೂ

ಮಂಗಳೂರಿನಿಂದ. ನಮ್ಮಲ್ಲೂ ಇದೇ ಕಥೆ. ಪಾಲಿಕೆ ನೀರು ತುಂಬೆ ಕಿಂಡಿ ಅಣೆಕಟ್ಟಿನಿಂದ, ಅಂದರೆ ನೇತ್ರಾವತಿ ನೀರು. ಮೆದು ನೀರು, ಅದಕ್ಕೆ ಸಾಫ್ಟ್‌ನರ್ ಯಾಕೆ ಮಾರುತ್ತಾರೋ ದೇವರಿಗೇ ಗೊತ್ತು. ಬೆಂಗಳೂರಿನ ಜಾಹೀರಾತನ್ನು ಇಲ್ಲಿಗೆ ತಂದು ಅಂಟಿಸಿದ್ದಾರೆ ಅಷ್ಟೇ. ಬೇಸಿಗೆಯಲ್ಲಿ ಕ್ಲೋರಿನ್ ವಾಸನೆ ಮಾತ್ರ ಜಾಸ್ತಿ ಅನ್ನಿಸುತ್ತದೆ.

ಬಿಸಿಲೂರಿನವಳು

ಹೌದು, ನಮ್ಮ ಅಡುಗೆಮನೆ ನಳ್ಳಿಯಲ್ಲೂ ಆ ವಾಸನೆ ಇದೆ. ಅದು ಕೆಟ್ಟದ್ದಾ? ಬಾವಿ ನೀರಿಗೆ ವಾಸನೆ ಇಲ್ಲ, ರುಚಿಯೂ ಚೆನ್ನಾಗಿದೆ. ಹಾಗಾಗಿ ಕುಡಿಯಲು ಬಾವಿ ನೀರೇ ವಾಸಿ ಅನ್ನಿಸಿತ್ತು.

ಲ್ಯಾಬ್ ಮೇಜು

ತಿರುಗಾಮುರುಗಾ ಮಾಡಬೇಡಿ ಅಮ್ಮಾ. ಕ್ಲೋರಿನ್ ವಾಸನೆ ಇದೆ ಅಂದರೆ ಪೈಪಿನ ದಾರಿಯಲ್ಲಿ ಏನಾದರೂ ಸೇರಿದರೂ ಕೊಲ್ಲಲು ಕಾವಲು ಇದೆ ಅಂತ ಅರ್ಥ. ನಳ್ಳಿಯ ತುದಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತಲೇ ನಿಯಮ. ಉಡುಪಿಯ ನಗರಸಭೆ ನೀರು ಬಜೆಯಲ್ಲಿ ಸ್ವರ್ಣಾ ನದಿಯಿಂದ ಎತ್ತಿದ್ದು, ಹೊಳೆಯ ಮೆದು ನೀರು. ಬೇಸಿಗೆಯಲ್ಲಿ ಹೊಳೆ ಬತ್ತಿ ನೀರು ನಿಂತಾಗ ಪಾಚಿ, ಕೊಳೆ ಜಾಸ್ತಿ, ಕ್ಲೋರಿನ್ನೂ ಜಾಸ್ತಿ ಬೇಕಾಗುತ್ತದೆ. 2019ರ ಮೇಯಲ್ಲಿ ಹೊಳೆಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಇಟ್ಟು ಬಜೆಗೆ ಹರಿಸಿದ್ದು ಇಲ್ಲಿನವರಿಗೆ ನೆನಪಿರಬಹುದು. ವಾಸನೆ ಬೇಡ ಅಂದರೆ ಅಗಲ ಬಾಯಿಯ ಪಾತ್ರೆಗೆ ಹಿಡಿದು ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಇಡಿ, ಹೋಗುತ್ತದೆ. ಆಮೇಲೆ ಜೀರಿಗೆ ಹಾಕಿ ಕುದಿಸಿದರೆ ಇನ್ನೇನು ಬೇಕು?

ಬಾವಿ ನೀರಿನ ರುಚಿಗೆ ಮರುಳಾಗಬೇಡಿ. ನಿಮ್ಮ ಟಾಯ್ಲೆಟ್ ಗುಂಡಿ ಬಾವಿಯಿಂದ ಎಷ್ಟು ದೂರ? ಪಕ್ಕದ ಮನೆಯದ್ದು? ಕನಿಷ್ಠ 15 ಮೀಟರ್ ಇರಬೇಕು ಅಂತಾರೆ. ಐದು ಸೆಂಟ್ಸ್ ಜಾಗದಲ್ಲಿ ಅದು ಎಲ್ಲಿ ಸಾಧ್ಯ? ಮುರಕಲ್ಲಲ್ಲಂತೂ ಆ ದೂರವನ್ನೂ ನಂಬುವ ಹಾಗಿಲ್ಲ. ಮೊದಲ ಮಳೆಗೆ ಗುಂಡಿಯೂ ಬಾವಿಯೂ ಒಟ್ಟಿಗೆ ತುಂಬುತ್ತವೆ. ಮಳೆಗಾಲದಲ್ಲಿ ಕಾಮಾಲೆ, ಟೈಫಾಯ್ಡ್ ಬರುವುದು ಸುಮ್ನೆ ಅಲ್ಲ. ಅದಕ್ಕೆ ಹೋಲಿಸಿದರೆ ಶರ್ಟಿನ ಹಳದಿ ಏನೂ ಅಲ್ಲ.

ಒಂದು ಪರೀಕ್ಷೆ ಮಾಡಿಸಿಬಿಡಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಕಮ್ಮಿ ಶುಲ್ಕಕ್ಕೆ ಮಾಡಿಕೊಡುತ್ತಾರೆ, ಖಾಸಗಿ ಲ್ಯಾಬೂ ಇವೆ. ಪಿಎಚ್, ಕಬ್ಬಿಣ, ಗಡಸು, ಕ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ (ಕೊಳೆ ಸೇರಿದ ಸುಳಿವು ಕೊಡುವ ಬ್ಯಾಕ್ಟೀರಿಯಾ) ಕೇಳಿ. ಕೋಲಿಫಾರ್ಮಿಗೆ ಅವರೇ ಕೊಡುವ ಶುದ್ಧ ಬಾಟಲಿ ಬೇಕು. ಹಳೇ ಪೆಪ್ಸಿ ಬಾಟಲಿ ತೊಳೆದು ತರಬೇಡಿ! ತುಂಬಿದ್ದನ್ನು ಐಸ್ ಇಟ್ಟು ಅದೇ ದಿನ ಮುಟ್ಟಿಸಿ. ಕಬ್ಬಿಣಕ್ಕೆ ಬೇರೆ ಬಾಟಲಿ, ಅದಕ್ಕೆ ಅವರು ಸ್ವಲ್ಪ ಆಮ್ಲ ಹಾಕಿ ಕೊಡುತ್ತಾರೆ. ಇಲ್ಲದಿದ್ದರೆ ಕಬ್ಬಿಣ ತಳಕ್ಕೆ ಕೂತು ವರದಿಯಲ್ಲಿ ಕಮ್ಮಿ ಬರುತ್ತದೆ. ಪಿಎಚ್ ಸಾಧ್ಯವಾದರೆ ಬಾವಿ ಹತ್ತಿರವೇ ನೋಡಿಸಿ. ಬಾಟಲಿಯಲ್ಲಿ ಇಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿ ಹೋಗಿ ಹುಳಿ ಕಮ್ಮಿ ತೋರಿಸುತ್ತದೆ.

ಸುಮ್ನೆ ಓದುವವ

ನಮ್ಮ ಬಾವಿ ಗದ್ದೆ ಬದಿಯಲ್ಲಿದೆ. ಬೆಳಿಗ್ಗೆ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ಪೊರೆ. ಪಂಪಿನ ಎಣ್ಣೆ ಸೋರುತ್ತಿದೆ ಅಂತ ಎರಡು ಸಲ ಪಂಪು ಬಿಚ್ಚಿಸಿದೆವು. ಏನೂ ಇಲ್ಲ.

ಬಾವಿಕಟ್ಟೆ

ಒಂದು ಕಡ್ಡಿಯಿಂದ ಆ ಪೊರೆಯನ್ನು ಮುಟ್ಟಿ ನೋಡಿ. ಎಣ್ಣೆಯಾದರೆ ಸುತ್ತಿಕೊಂಡು ಮತ್ತೆ ಕೂಡುತ್ತದೆ. ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಬೈಲಿನ ಬಾವಿಗಳಲ್ಲಿ ಸಾಮಾನ್ಯ. ಟ್ಯಾಂಕಿಯ ಗೋಡೆಗೆ ಕೆಂಪು ಲೋಳೆ ಹಿಡಿದಿರುತ್ತದೆ, ಕೈ ಹಾಕಿ ನೋಡಿ.

ಸುಮ್ನೆ ಓದುವವ

ಒಡೆಯಿತು. ಲೋಳೆಯೂ ಉಂಟು. ಪಂಪಿನವನಿಗೆ ಕೊಟ್ಟ ದುಡ್ಡು ಹೋಯಿತು.

ಬಿಸಿಲೂರಿನವಳು

ವರದಿ ಬಂತು. ಬಾವಿ ನೀರು: ಪಿಎಚ್ 5.7, ಒಟ್ಟು ಗಡಸುತನ 22, ಕಬ್ಬಿಣ 1.8, ಕ್ಲೋರೈಡ್ 14, ನೈಟ್ರೇಟ್ 9. ಕೋಲಿಫಾರ್ಮ್ "ಇದೆ" ಅಂತ ಬರೆದಿದ್ದಾರೆ. ನಗರಸಭೆ ನಳ್ಳಿಯದ್ದರಲ್ಲಿ ಕೋಲಿಫಾರ್ಮ್ ಇಲ್ಲ, ಗಡಸು 20. ಫಿಲ್ಟರಿನವರಿಗೆ ಫೋನ್ ಮಾಡಿ 22 ಅಂದೆ. "ಲ್ಯಾಬಿನವರಿಗೆ ಗೊತ್ತಾಗಲ್ಲ ಮೇಡಂ" ಅಂದರು. ಅಲ್ಲಿಗೆ ಮುಗಿಯಿತು.

ಮನೆ ಓನರ್ ಅಂಕಲ್ ಬಾವಿಗೆ ಸುಣ್ಣ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ನೆಲ್ಲಿ ಮರದ ಕೊರಡು ಹಾಕುವ ಮಾತೂ ಬಂತು. ಸರ್, ಏನು ಮಾಡಲಿ?

ಬಾವಿಕಟ್ಟೆ

ಸುಣ್ಣದ ಯೋಚನೆ ದಡ್ಡತನದ್ದಲ್ಲ. ಚಿಪ್ಪಿನ ಸುಣ್ಣ ಹುಳಿಯನ್ನು ಮುರಿಯುತ್ತದೆ, ಕಬ್ಬಿಣವೂ ತಳಕ್ಕೆ ಕೂರುತ್ತದೆ. ಕಷ್ಟ ಇರುವುದು ಅಳತೆಯಲ್ಲಿ. ಕೈಯಳತೆಯಲ್ಲಿ ಎಸೆದರೆ ಮೊದಲ ವಾರ ನೀರು ಕ್ಷಾರ, ಕಣ್ಣು ಉರಿ. ತಿಂಗಳಲ್ಲಿ ಹೊಸ ನೀರು ಬಂದು ಮತ್ತೆ ಹುಳಿ. ನೆಲ್ಲಿ ಕೊರಡಿನಿಂದ ನೀರಿಗೆ ರುಚಿ ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ, ಹಾಕುವವರು ಹಾಕಲಿ. ಕೋಲಿಫಾರ್ಮಿಗೆ ಅದನ್ನು ನಂಬಿ ಕೂರಬೇಡಿ.

ಕೋಲಿಫಾರ್ಮಿಗೆ ಬ್ಲೀಚಿಂಗ್ ಪೌಡರ್. 1,000 ಲೀಟರಿಗೆ 2.5 ಗ್ರಾಂ. ಬಾವಿಯ ಅಡ್ಡಗಲ 6 ಅಡಿ, ನೀರಿನ ಆಳ 10 ಅಡಿ ಅಂತಿಟ್ಟುಕೊಳ್ಳಿ, ಸುಮಾರು 8,000 ಲೀಟರ್ ಆಗುತ್ತದೆ. 20 ಗ್ರಾಂ ಸಾಕು. ಬಕೆಟ್ಟಲ್ಲಿ ಸ್ವಲ್ಪ ನೀರಿಗೆ ಕಲಸಿ, ಮತ್ತೆ ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ತಳದ ಬಿಳಿ ಗಸಿ ಬೇಡ, ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಮಾಡಿದರೆ ಒಳ್ಳೆಯದು, ಕನಿಷ್ಠ ಒಂದು ಗಂಟೆ ನೀರು ಎಳೆಯಬಾರದು. ಪುಡಿ ಹೊಸದಾಗಿರಲಿ, ಹಳೇ ಪ್ಯಾಕೆಟ್ಟಲ್ಲಿ ಕ್ಲೋರಿನ್ ಹಾರಿ ಹೋಗಿರುತ್ತದೆ.

ಮರುದಿನ ನೀರು ಕೆಂಪಾದರೆ ಗಾಬರಿ ಬೇಡ. ಕರಗಿ ಕಾಣದೆ ಇದ್ದ ಕಬ್ಬಿಣ ಕ್ಲೋರಿನ್ ತಾಗಿ ತುಕ್ಕಾಗಿ ಕಾಣಿಸಿಕೊಂಡದ್ದು. ಅದು ಸ್ವಲ್ಪ ಕ್ಲೋರಿನ್ನನ್ನೂ ನುಂಗುತ್ತದೆ, ಹಾಗಾಗಿ ನಿಮಗೆ 20ಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ಬೆಳಿಗ್ಗೆ ನೀರಿಗೆ ಸಣ್ಣಗೆ ಕ್ಲೋರಿನ್ ವಾಸನೆ ಇದ್ದರೆ ಸಾಕಾಯಿತು ಅಂತ ಲೆಕ್ಕ. ಕುಡಿಯಲು ಅಡುಗೆಗೆ ಮಾತ್ರ ನಳ್ಳಿ ನೀರು ಕುದಿಸಿಯೇ ಬಳಸಿ.

ಲ್ಯಾಬ್ ಮೇಜು

ಕಬ್ಬಿಣಕ್ಕೆ ಮಾನದಂಡ ಈಗ 1.0, ಮೊದಲು 0.3 ಇತ್ತು. ನಿಮ್ಮ 1.8 ಆರೋಗ್ಯಕ್ಕೆ ದೊಡ್ಡ ಅಪಾಯ ಅಲ್ಲ, ಬಟ್ಟೆಗೆ ಟೈಲ್ಸಿಗೆ ಕಾಟ. ಪಿಎಚ್ 6.5ರಿಂದ 8.5ರ ಒಳಗಿರಬೇಕು. ಕೂದಲು ಉದುರುವುದನ್ನು ನೀರಿನ ತಲೆಗೆ ಕಟ್ಟಬೇಡಿ, ಅದೂ 22 ಗಡಸಿನ ನೀರಿಗೆ. ಚರ್ಮದ ಡಾಕ್ಟರಿಗೆ ತೋರಿಸಿ, ರಕ್ತದಲ್ಲಿ ಕಬ್ಬಿಣ, ಥೈರಾಯ್ಡ್ ನೋಡಿಸುತ್ತಾರೆ. ನೀರಲ್ಲಿ ಕಬ್ಬಿಣ ಜಾಸ್ತಿ, ಮೈಯಲ್ಲಿ ಕಮ್ಮಿ ಇರುವವರು ಇಲ್ಲಿ ಬೇಕಾದಷ್ಟು ಜನ!

ಪೈಪು ಪಾನ

ಅಕ್ಕ, ಬಾಡಿಗೆ ಮನೆ ಅಲ್ವಾ, ದೊಡ್ಡ ಖರ್ಚು ಯಾಕೆ? ಬಾವಿಯಿಂದ ಟ್ಯಾಂಕಿಗೆ ಬೀಳುವ ಪೈಪಿನ ತುದಿಗೆ ಶವರ್ ತಲೆ ಸಿಕ್ಕಿಸಿ. ಇಲ್ಲ, ಪೈಪಿಗೆ ಸಣ್ಣ ಸಣ್ಣ ತೂತು ಕೊರೆದು ಅಡ್ಡ ಕಟ್ಟಿದರೂ ಆದೀತು. ನೀರು ಎಳೆ ಎಳೆಯಾಗಿ ಬೀಳುವಾಗ ಹುಳಿಯ ಗಾಳಿ ಹೋಗುತ್ತದೆ, ಗಾಳಿ ತಾಗಿ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಟ್ಯಾಂಕಿಯಿಂದ ಮನೆಗೆ ಹೋಗುವ ಪೈಪು ತಳಕ್ಕಿಂತ ಅರ್ಧ ಅಡಿ ಮೇಲಿರಲಿ. ತಳದಲ್ಲಿ ಬೇರೆ ವಾಲ್ವ್ ಇಟ್ಟು ವಾರಕ್ಕೊಮ್ಮೆ ಕೆಸರು ಬಿಡಿ. ನಾನು ಹಾಕಿಕೊಟ್ಟ ಮನೆಗಳಲ್ಲಿ ಅರ್ಧ ಕಾಟ ಇದರಲ್ಲೇ ಕಮ್ಮಿಯಾಗಿದೆ.

ಲ್ಯಾಬ್ ಮೇಜು

ಪೈಪು ಪಾನ ಹೇಳಿದ್ದು ಸರಿ. ಪಿಎಚ್ 7ರ ಹತ್ತಿರ ಬರದಿದ್ದರೆ ಕಬ್ಬಿಣ ನಿಧಾನವಾಗಿ ಕೂರುತ್ತದೆ, ಅದೊಂದು ತೊಡಕು. ಓನರ್ ಅಂಕಲ್ ಖರ್ಚು ಮಾಡಲು ಸಿದ್ಧ ಇದ್ದರೆ ಟ್ಯಾಂಕಿಯ ನಂತರ ಕ್ಯಾಲ್ಸೈಟ್ ತುಂಬಿದ ಒಂದು ಸಿಲಿಂಡರ್, ಅದರ ನಂತರ ಕಬ್ಬಿಣದ ಫಿಲ್ಟರ್. ಕ್ಯಾಲ್ಸೈಟ್ ಅಂದರೆ ಸುಣ್ಣದ ಕಲ್ಲಿನ ಪುಡಿಯೇ. ಹುಳಿ ಎಷ್ಟಿದೆಯೋ ಅಷ್ಟು ಮಾತ್ರ ಕರಗುತ್ತದೆ, ಸುಣ್ಣ ಎಸೆದ ಹಾಗೆ ಜಾಸ್ತಿಯಾಗುವ ಭಯ ಇಲ್ಲ. ಕರಗಿದಷ್ಟು ಆಗಾಗ ತುಂಬಿಸಬೇಕು, ಉಲ್ಟಾ ನೀರು ಬಿಟ್ಟು ತೊಳೆಯಬೇಕು. ನೀರಿನ ಗಡಸು 22ರಿಂದ ಸ್ವಲ್ಪ ಏರುತ್ತದೆ.

ಸುಮ್ನೆ ಓದುವವ

ಅಂದರೆ ಗಡಸು ತೆಗೆಯುವ ಯಂತ್ರ ಕೊಳ್ಳಲು ಹೊರಟವರು ಕೊನೆಗೆ ಗಡಸು ಸೇರಿಸುವ ಯಂತ್ರ ಕೊಳ್ಳಬೇಕು. ಒಳ್ಳೆ ಕಥೆ.

ಬಿಸಿಲೂರಿನವಳು

ಅತ್ತೆಯವರೂ ನಕ್ಕರು. "ಶಹಾಬಾದ್ ಕಲ್ಲು ಊರಿಂದ ತರಿಸ್ಲೇನು" ಅಂತ ಕೇಳುತ್ತಿದ್ದಾರೆ.

ಸದ್ಯಕ್ಕೆ ಶವರ್ ತಲೆ, ಕೆಸರಿನ ವಾಲ್ವ್ ಎರಡನ್ನೂ ಓನರ್ ಅಂಕಲ್ ಒಪ್ಪಿದ್ದಾರೆ. ಸಿಲಿಂಡರ್ ಮಾತಿಗೆ "ನೋಡುವ" ಅಂದರು. ಪೈಪು ಪಾನ ಅಣ್ಣ, ಇಂದ್ರಾಳಿಗೆ ಬರುತ್ತೀರಾ?

ಪೈಪು ಪಾನ

ಬರುತ್ತೇನೆ ಅಕ್ಕ, ಇನ್‌ಬಾಕ್ಸಿಗೆ ನಂಬರು ಹಾಕಿ. ಗುರುವಾರ ಬೆಳಿಗ್ಗೆ ಟ್ಯಾಂಕಿ ಖಾಲಿ ಇಟ್ಟಿರಿ, ತೊಳೆದೇ ಕೆಲಸ ಶುರು ಮಾಡುವುದು. ಗೀಸರಿನ ಆನೋಡೂ ಅವತ್ತೇ ಬಿಚ್ಚಿ ನೋಡುವ.